ನಾಡಿ ಪಂಡಿತರ ಮುಷ್ಟಿ

ತಂತಿಯನ್ನು ಎಳೆದು ಅದರ ಬಲ ಅಳೆಯುವ ಯಂತ್ರಕ್ಕೆ ಬೆರಳುದ್ದದ ಚೂರೊಂದನ್ನು ಸಿಕ್ಕಿಸಿದ ಮೇಲೆ ಅದನ್ನು ಅದರ ಪಾಡಿಗೆ ಬಿಡುವ ಜಾಯಮಾನವೇ ಆ ಹಿರಿಯ ತಂತ್ರಜ್ಞರದಲ್ಲ. ನೀಲಿ ಕೋಟಿನ ಬಲತೋಳನ್ನು ಮೊಣಕೈವರೆಗೆ ಮಡಚಿ, ತುಸು ಓರೆಯಾಗಿ ನಿಂತು, ತಂತಿಯ ಸುತ್ತ ಮುಷ್ಟಿಯನ್ನು ಹಗುರವಾಗಿ ಮುಚ್ಚಿ ಅದರ ಯಾತನೆಯನ್ನು ಆಲಿಸುವ ಆ ಭಂಗಿ ಕಂಡೇ ಪ್ರಯೋಗಾಲಯದವರು ಅವರಿಗೆ ನಾಡಿ ಪಂಡಿತರೆಂದು ಹೆಸರಿಟ್ಟದ್ದು. ಇಪ್ಪತ್ತೆಂಟು ವರ್ಷ ಅವರು ಸಹಿ ಹಾಕಿದ ಅಂಕಿಯನ್ನು ಯಾರೂ ಎರಡನೆಯ ಸಲ ಅಳೆಯಲಿಲ್ಲ. ಆ ಜಂಬವೊಂದೇ ಅವರ ಆಸ್ತಿ.

ಅವರಿಗೆ ಅಚ್ಚುಮೆಚ್ಚಾದದ್ದು ನೆನಪಿನ ಲೋಹ; ಎಷ್ಟು ಬಾಗಿಸಿದರೂ ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಮರಳುವಂಥದ್ದು. ಎಳೆದಾಗ ಅದರ ಬಲ ತೋರುವ ಗೆರೆ ಪರದೆಯ ಮೇಲೆ ಏರಿ, ನಡುವೆ ಸಮತಟ್ಟಾಗಿ ಸಾಗಿ, ಇಳಿಯುವಾಗ ಬೇರೆಯೇ ದಾರಿ ಹಿಡಿಯುತ್ತದೆ. ಸಂಶೋಧಕಿಯೊಬ್ಬಳು ತಂದ ಹೊಸ ತಂತಿಯೂ ಅದೇ ಲೋಹ, ಒಳಗಿನ ಹರಳುಗಳು ಮಾತ್ರ ಸಾವಿರ ಪಾಲು ಸಣ್ಣವು. ಅದು ಸಮತಟ್ಟನ್ನೇ ತೋರದೆ ಏರಿ, ಹೆಚ್ಚುಕಡಿಮೆ ಬಂದ ದಾರಿಯಲ್ಲೇ ಇಳಿಯಿತು. ಪಂಡಿತರ ತಲೆ ಕೆಟ್ಟುಹೋಯಿತು. ಯಂತ್ರದ ಹಿಡಿಕೆ ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು.

“ಏನಮ್ಮಾ, ಇದು ನಿಜವಾಗ್ಲೂ ಅದೇ ಲೋಹಾನಾ? ನನಗ್ಯಾಕೋ ಒಂದೂ ತಿಳೀತಿಲ್ಲ.”

“ಅದೇ ಸರ್. ಹರಳು ಇಷ್ಟು ಸಣ್ಣದಾದ್ರೆ ಹೀಗೇ ಆಗುತ್ತೆ. ಯಂತ್ರ ಸರಿಯಾಗೇ ಇದೆ.”

ನಂಬದೆ, ಅವಳ ಕೈಯಲ್ಲೇ ಎರಡೂ ಬಗೆಯ ತಂತಿ ಎಳೆಸಿದರು. ಅವಳು ಗುಂಡಿ ಒತ್ತಿ ದೂರ ನಿಂತಳು. ಹೊಸ ತಂತಿಯ ಅಂಕಿ ಪಂಡಿತರ ಅಂಕಿಗೆ ಸರಿಹೊಂದಿತು; ಹಳೆಯದರ ಸಮತಟ್ಟು ಮಾತ್ರ ಅವರದಕ್ಕಿಂತ ಕೆಳಗೆ ಬಂತು. ಮೂರು ಸಲ ಎಳೆದರೂ ಅಷ್ಟೇ. ಅವಳು ಅಳುಕುತ್ತ ಅವರ ಮುಷ್ಟಿಯತ್ತ ನೋಡಿದಳು.

“ಹಳೇ ತಂತಿಗೆ ಸ್ವಲ್ಪ ಬಿಸಿ ತಾಗಿದ್ರೂ ಎಳೆಯೋಕೆ ಜಾಸ್ತಿ ಬಲ ಬೇಕು, ಸರ್. ಹೊಸದು ಬಿಸೀನ ಅಷ್ಟಾಗಿ ಲೆಕ್ಕಕ್ಕೇ ಇಟ್ಕೊಳ್ಳಲ್ಲ.”

ಅವರಿಗೆ ದಿಗಿಲಾಯಿತು. ನಾಡಿ ನೋಡಲು ಹೊರಟವರು ಇಷ್ಟು ವರ್ಷ ಜ್ವರ ಬರಿಸುತ್ತಿದ್ದರೇ? ಕಪಾಟಿನ ತುಂಬ ಇರುವ ವರದಿಗಳು ಲೋಹದವೋ, ತಮ್ಮ ಅಂಗೈಯವೋ? ಆ ಮಧ್ಯಾಹ್ನವೆಲ್ಲ ಕೈಗಳನ್ನು ಜೇಬಿಗೆ ಹಾಕಿದರು, ತೆಗೆದರು, ಬೆನ್ನ ಹಿಂದೆ ಕಟ್ಟಿದರು, ಎಲ್ಲಿಡಬೇಕೆಂದೇ ತೋಚಲಿಲ್ಲ. ಕೊನೆಗೆ ಥರ್ಮಾಮೀಟರನ್ನು ಮುಷ್ಟಿಯಲ್ಲಿ ಹಿಡಿದು, “ಬರ್ಕೊಳ್ಳಮ್ಮಾ, ಮೂವತ್ನಾಲ್ಕು ಡಿಗ್ರಿ. ತಂತಿಗೆ ಇಷ್ಟು ಬಿಸಿ ತಾಗಿತ್ತು ಅಂತ ಹಳೇ ವರದಿಗೆಲ್ಲ ಸೇರಿಸು. ಕೆಳಗೆ ನಾನೇ ಸಹಿ ಹಾಕ್ತೀನಿ” ಎಂದರು.

ಕೆಲಸವನ್ನು ಪ್ರೀತಿಸುವವರ ಪಾಡೇ ಇಂಥದ್ದು: ತಮ್ಮ ಕೈ ತಾಗದ ವಸ್ತು ಹೇಗಿರುತ್ತದೆಂಬುದು ಅವರಿಗೆ ತಿಳಿಯುವುದೇ ತಡವಾಗಿ. ತಿಳಿದ ದಿನ ಕೈಯನ್ನು ಹಿಂದೆಗೆದುಕೊಳ್ಳುತ್ತಾರೆ, ನಿಜ. ಆದರೆ ಯಂತ್ರ ಸದ್ದು ಮಾಡಿದೊಡನೆ, ಬೆನ್ನ ಹಿಂದೆ ಆ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ.