ನರಕದ ಅಗಳಿ

"ಏ ಸೈತಾನ! ಕಿವ್ಯಾಗ ಏನ್ ಹೆಟ್ಗೊಂಡ ನಿಂತಿಯಲೇ ಸೂಳಿಮಗನ? ಟ್ರೇ ಒಳಗ ಸರಸಂದ್ರ ಮುಗಲ ನೋಡ್ಕೋಂತ ನಿಂತಾನ ಹಲ್ಕಟ್!"

ಸಾವಕಾರ ಬಸಗೊಂಡಪ್ಪ ಒದರಿದ್ದು ಸಿದ್ದರಾಮನಿಗೆ. ತಿಕೋಟಾ ದಾರಿಯಲ್ಲಿದ್ದ ಆ ಒಣದ್ರಾಕ್ಷಿ ಶೆಡ್ಡಿನಲ್ಲಿ ಸಿದ್ದರಾಮನಿಗೆ ಅಪ್ಪ ಅವ್ವ ಇಟ್ಟ ಹೆಸರು ಸತ್ತು ಬಹಳ ದಿನವಾಗಿತ್ತು. ಅವನ ಊರಾದ ಅರಕೇರಿಯ ಕೇರಿಯಲ್ಲಿ ಯೇಸುಸ್ವಾಮಿಯನ್ನು ನಂಬಿದ ಮನೆಗಳು ಬೆರಳೆಣಿಕೆಯಷ್ಟು. ಈಸ್ಟರ್ ಹಬ್ಬ ಬಂತೆಂದರೆ ಆ ಮನೆಗಳವರು ಸೇರಿ ಸ್ವಾಮಿ ಸೈತಾನನನ್ನು ಗೆದ್ದ ನಾಟಕ ಆಡುತ್ತಿದ್ದರು. ಸಿದ್ದರಾಮ ಎತ್ತರದ ಆಳು, ಇದ್ದಿಲಿನ ಬಣ್ಣ, ಮುಂದೆ ಬಂದ ಹಲ್ಲು. ಇಷ್ಟೆಲ್ಲ ಇದ್ದವನಿಗೆ ಬೇರೆ ಪಾತ್ರ ಯಾರು ಕೊಟ್ಟಾರು? ಹಬ್ಬ ಮುಗಿದರೂ ಹೆಸರು ಮಾತ್ರ ಮೈಗೆ ಅಂಟಿಕೊಂಡು ಉಳಿಯಿತು. ಅವನ ಜೊತೆಗೆ ಹೆಂಡತಿ ಹನಮವ್ವನೂ ಸೈತಾನನ ಹೆಂಡತಿಯಾದಳು.

ಶೆಡ್ಡಿನ ಹಿಂಬದಿ ಗಂಧಕದ ಹೊಗೆ ಹಾಕುವ ಕೋಣೆಯಿತ್ತು. ಒಣಗಿದ ದ್ರಾಕ್ಷಿ ಬಂಗಾರದ ಬಣ್ಣಕ್ಕೆ ತಿರುಗಬೇಕಾದರೆ ಅದರೊಳಗೆ ಹೊಗೆ ಕುಡಿಯಬೇಕು. ಎದುರಿಗೆ ಕಬ್ಬಿಣದ ಬಾಗಿಲು, ಅದಕ್ಕೆ ಅಡ್ಡಲಾಗಿ ಒಂದು ಭಾರದ ಅಗಳಿ. ಹಿಂದಿನ ಗೋಡೆಯ ಬುಡದಲ್ಲಿ ಸಣ್ಣ ಕಿಂಡಿ. ಸಿದ್ದರಾಮ ಮುಂದಿನಿಂದ ಟ್ರೇಗಳನ್ನು ಮಾಳಿಗೆ ಮುಟ್ಟುವಂತೆ ಒಟ್ಟಿ, ಬಾಗಿಲೆಳೆದು, ಅಗಳಿ ಬೀಳಿಸುತ್ತಿದ್ದ. ಠಣ್ ಎಂದ ಕೂಡಲೇ ಹಿಂದೆ ಕುಕ್ಕರುಗಾಲಿನಲ್ಲಿ ಕೂತ ಹನಮವ್ವ ಗಂಧಕ ಉರಿಯುವ ಬಾಣಲೆಯನ್ನು ಕೋಲಿನಿಂದ ಕಿಂಡಿಯೊಳಗೆ ತಳ್ಳಿ ತಗಡು ಮುಚ್ಚುತ್ತಿದ್ದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಕೂಗಿ ಹೇಳುವುದೂ ಇರಲಿಲ್ಲ. ಆ ಸಪ್ಪಳವೇ ಅವರ ಮಾತು. ಬೇರೆ ಯಾರೂ ಆ ಕೆಲಸಕ್ಕೆ ಮುಂದೆ ಬರುತ್ತಿರಲಿಲ್ಲ. ಕಣ್ಣು ಕೆಂಡವಾಗುತ್ತಿತ್ತು, ಉಸಿರು ಎದೆಯಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಉಂಡ ಅನ್ನ ಬಾಯಿಗೆ ಬರುತ್ತಿತ್ತು.

"ನಿನ್ನ ಗಂಡ ಸೈತಾನ ಅಂದ್ರ ನಿಂದೂ ನರಕದಾಗ ಮನಿ ಐತೆಲ್ಲಬೇ," ಎಂದು ಟ್ರೇ ತೊಳೆಯುವ ಅಬೇದಾ ಚಾಷ್ಟಿ ಮಾಡುತ್ತಿದ್ದಳು.

"ಐತಿ, ನೋಡಾಕತ್ತಿಲ್ಲೇನ? ಬಾ, ಚಾ ಕುಡದ ಹೋಗೀಯಂತ," ಎಂದು ಹನಮವ್ವ ಬಾಣಲೆ ತೋರಿಸುತ್ತಿದ್ದಳು. ನಗುತ್ತ ನಗುತ್ತ ಇಬ್ಬರಿಗೂ ಕೆಮ್ಮು ಬರುತ್ತಿತ್ತು.

ಈಸ್ಟರಿಗೆ ಮುಂಚಿನ ವಾರ ಪ್ರಾರ್ಥನೆಮನೆಯಲ್ಲಿ ಪಾಸ್ಟರ್ ಸತೀಶಕುಮಾರ ಬಿಡುಗಡೆಯ ಮಾತು ಹೇಳಿದರು. ಪ್ರಾರ್ಥನೆಮನೆಯೆಂದರೆ ಕೇರಿಯ ತುದಿಯಲ್ಲಿದ್ದ ತಗಡಿನ ಪತ್ರಾಸು ಹೊದಿಸಿದ ಒಂದೇ ಕೋಣೆ. ಪಾಸ್ಟರು ವಿಜಯಪುರದಿಂದ ಬೈಕಿನ ಮೇಲೆ ಬಂದು, ಮಾತಾಡಿ, ಕೇರಿಯ ನೀರು ಮುಟ್ಟದೆ ತಿರುಗಿ ಹೋಗುವವರು. ತಮ್ಮ ಬಾಟಲಿ ತಾವೇ ತರುತ್ತಿದ್ದರು. ಆದರೆ ಮಾತಿಗೆ ನಿಂತರೆ ಕಲ್ಲೂ ಕಣ್ಣೀರಿಡಬೇಕು, ಅದನ್ನು ಅಲ್ಲಗಳೆಯುವಂತಿರಲಿಲ್ಲ.

"ಮನುಷ್ಯ ಪಾಪಾ ಮಾಡಿ ಸೈತಾನನ ಜೀತಕ್ಕ ಬಿದ್ದ. ಸ್ವಾಮಿ ತನ್ನ ರಕ್ತಾನ ಈಡಾಗಿ ಕೊಟ್ಟ. ಸತ್ತು ಸುಮ್ನ ಮಲಗಲಿಲ್ಲ, ಪಾತಾಳಕ್ಕ ಇಳದ. ಬಾಗಲಾ ಒದ್ದ, ಅಗಳಿ ಮುರದ, ಒಳಗ ಕೊಳ್ಯಾಕತ್ತವರ ಕೈ ಹಿಡದು ಹೊರಗ ಕರಕೊಂಡ ಬಂದ!"

ಸಿದ್ದರಾಮ ಹಿಂದಿನಿಂದ ಎದ್ದು ನಿಂತ. "ಪಾಸ್ಟರ್ರ, ಒಂದ್ ಮಾತರಿ. ಆ ರಕ್ತಾ ಯಾರ ಕೈಯಾಗ ಕೊಟ್ಟಾರ್ರಿ? ಸೈತಾನನ ಕೈಯಾಗ?"

"ಯಾಕಪಾ?"

"ಅಲ್ರಿ, ಸೈತಾನ ನಮ್ಮನ್ನ ಕದ್ದ ಒಯ್ದಂವ. ಕಳ್ಳಗ ಯಾಕ ಕೊಡಬೇಕ್ರಿ? ಸುಮ್ನ ಒದ್ದ ಬಿಡಿಸ್ಕೊಂಡ ಬಂದಿದ್ರ ಆಕ್ಕಿತ್ತಲ್ಲ."

"ಇಂಥಾ ಪ್ರಶ್ನಿ ತಲ್ಯಾಗ ಹುಟ್ಟಸಾಂವನ ಸೈತಾನ. ನಂಬಬೇಕಪಾ, ಕೆದಕಬಾರ್ದು."

ಕೂತವರು ನಕ್ಕರು. ಸಿದ್ದರಾಮ ನಗಲಿಲ್ಲ, ಕೂಡಲೂ ಇಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಸಾವಕಾರನ ಮುಂದೆ ನಿಲ್ಲುವಂತೆಯೇ ನಿಂತ.

"ಹಂಗಾರ ಇದೊಂದ ನಡಸಿಕೊಡ್ರಿ. ಈ ವರ್ಸ ನಾ ಸೈತಾನ ಆಗಂಗಿಲ್ರಿ. ಸೆರಿಯಾಗ ಇರ್ತಾರಲ್ಲ, ಅವರೊಳಗ ಎಲ್ಲಾರಕಿಂತ ಹಿಂದರೆ ನಿಲ್ಲಸ್ರಿ. ಒಮ್ಮೆ ಕೈ ಹಿಡಿಸ್ಕೊಂಡು ಆ ಬಾಗಲದಾಗಿಂದ ಹೊರಗ ಬರ್ತೀನ್ರಿ. ಒಮ್ಮೆ ಸಾಕು."

"ನಿನ್ನ ಮಾರಿಗೆ ಆ ಪಾತ್ರಾನ ಒಪ್ತೈತೋ ಮಾರಾಯಾ."

"ಮಾರಿ ಕೊಟ್ಟಂವ ಸೈತಾನ ಅಲ್ಲಲ್ರಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪಾಸ್ಟರೂ ಗಡಿಯಾರ ನೋಡಿದರು, ಬಾಟಲಿಯ ಮುಚ್ಚಳ ತಿರುವಿದರು. ಕೊನೆಗೆ, ವಿಜಯಪುರದಿಂದ ತಮ್ಮ ಅಕ್ಕನ ಮಗನನ್ನು ಕರೆತಂದು ಸೈತಾನನ ವೇಷ ಹಾಕಿಸುವುದಾಗಿ ಒಪ್ಪಿಕೊಂಡರು.

ನಾಟಕ ಶೆಡ್ಡಿನಲ್ಲೇ ನಡೆಯಬೇಕೆಂದದ್ದು ಬಸಗೊಂಡಪ್ಪ. ಅವನಿಗೇನು ಯೇಸುವಿನ ಮೇಲೆ ಭಕ್ತಿ ಉಕ್ಕಿರಲಿಲ್ಲ. ಹಬ್ಬಕ್ಕೆ ರಜೆ ಕೇಳುವ ಆಳುಗಳಿಗೆ ಹಬ್ಬವನ್ನೇ ಶೆಡ್ಡಿಗೆ ತಂದುಕೊಟ್ಟರೆ ರಜೆ ಕೊಡುವ ಮಾತೇ ಇಲ್ಲವಲ್ಲ! ಗಂಧಕದ ಕೋಣೆಯೇ ನರಕವಾಗಲಿ, ನಾಟಕಕ್ಕೆ ಕಳೆ ಬರುತ್ತದೆ ಎಂದು ಅವನೇ ಹೇಳಿದ. ಪಾಸ್ಟರಿಗೆ ಕುರ್ಚಿ ಹಾಕಿಸಿ ಸ್ಟೀಲಿನ ಕಪ್ಪಿನಲ್ಲಿ ಚಹಾ ಕೊಟ್ಟ. ಉಳಿದವರಿಗೆ ಬಿಸಾಡುವ ಕಪ್ಪು.

"ಒಂದ ಮಾತ ಪಾಸ್ಟರ್ರ. ಮಾಲ ಒಳಗ ತುಂಬೇ ಇರ್ತೈತಿ, ಬಾಗಲದ ಹಂತೇಲಿ ನಾಟಕದವರು ನಿಲ್ಲೂವಷ್ಟ ಜಾಗಾ ಬಿಡಸ್ತೀನಿ. ಗಾಂಧಿ ಚೌಕದ ವ್ಯಾಪಾರಿ ಗಾಡಿ ಕಳಸಾಂವದಾನ. ನಿಮ್ಮ ಯೇಸು ಜನಾನ್ನ ಹೊರಗ ಕರಕೊಂಡ ಬಂದ ಕೂಡ್ಲೆ ಬಾಗಲಾ ಹಾಕಿ ಹೊಗಿ ಬಿಡೂದು. ಹನಮಿ ಹಿಂದ ಬಾಣಲಿ ಹಿಡ್ಕೊಂಡ ತಯಾರ ಕುಂದ್ರಲಿ."

"ಆಕಿ ನಾಟಕಾ ನೋಡೂದ ಬ್ಯಾಡೇನ್ರಿ?" ಎಂದ ಸಿದ್ದರಾಮ.

"ದಿನಾ ನಿನ್ನ ಮಾರಿ ನೋಡ್ತಾಳಲ್ಲೋ ಭಾಡ್ಯಾ. ಅದಕಿಂತಾ ನಾಟಕಾ ಬೇಕೇನ?"

ಬಡವನ ಸಿಟ್ಟು ದವಡೆಗೆ ಮೂಲ. ಸಿದ್ದರಾಮ ಖಾಲಿ ಟ್ರೇ ಎತ್ತಿಕೊಂಡು ಹೊರಟ. ಅಂದು ಸಂಜೆ ಮನೆಯಲ್ಲಿ ಹನಮವ್ವ ಅವನ ಮದುವೆಯ ಬಿಳಿ ಅಂಗಿ ತೊಳೆದು, ನೀಲಿ ಹಾಕಿ, ಒಣಗಿಸಿದಳು. ಸೆರೆಯಲ್ಲಿದ್ದವರಿಗೆ ಬಿಳಿ ಬಟ್ಟೆಯೆಂದು ಪಾಸ್ಟರ್ ಹೇಳಿದ್ದರು. ಅಂಗಿ ಹೆಗಲಲ್ಲಿ ಬಿಗಿಯಾಗುತ್ತಿತ್ತು. ಸಿದ್ದರಾಮ ಅದನ್ನು ತೊಟ್ಟು ತಿರುಗಾಡಿದ, ಕನ್ನಡಿ ಚೂರಿನಲ್ಲಿ ಒಂದೊಂದೇ ಹೆಗಲು ನೋಡಿಕೊಂಡ.

"ನಾ ನೋಡಾಂಗಿಲ್ಲಲ್ಲ," ಎಂದಳು ಹನಮವ್ವ. ಅವಳಿಗೆ ನಿಜಕ್ಕೂ ಅಳು ಬಂದಿತ್ತು.

"ನೋಡೂದ ಯಾಕಬೇಕ? ಎಲ್ಲಾರೂ ಹೊರಗ ಬಂದ ಮ್ಯಾಲ ನಾನ ಅಗಳಿ ಹಾಕತೀನಿ, ಪಾಸ್ಟರಗ ಹೇಳೇನಿ. ಆ ಸಪ್ಪಳ ಕೇಳಿದ್ಯೋ, ತಿಳ್ಕೊ, ನಿನ್ನ ಗಂಡ ನರಕದಾಗಿಂದ ಹೊರಗ ಬಂದ."

"ಸೈತಾನ ಸೋತಾನ ಅಂತಾರ. ಸೋತಂವ ಮತ್ಯಾಕ ದಿನಾ ಶೆಡ್ಡಿನ್ಯಾಗ ನಿಂತ ಬೈತಾನ?"

"ಸೋತಿದ್ದ ಅವಗ ಇನ್ನೂ ಯಾರೂ ಹೇಳಿಲ್ಲ ಕಾಣಸ್ತೈತಿ," ಎಂದು ಸಿದ್ದರಾಮ ನಕ್ಕ. ಆ ಉದ್ದ ಹಲ್ಲು ಅವಳಿಗೆ ಅಂದು ಬಹಳ ಚೆಂದ ಕಂಡಿತು.

ಈಸ್ಟರ್ ದಿನ ಬೆಳಗಿನ ಪ್ರಾರ್ಥನೆ ಮುಗಿಸಿ ಎಲ್ಲರೂ ಶೆಡ್ಡಿಗೆ ಬಂದರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹನಮವ್ವ ಗೋಡೆಯ ಹಿಂದೆ ಕಿಂಡಿಯ ಮುಂದೆ ಕೂತಳು. ಎದುರಿಗೆ ಗೋಡೆ, ಬೆನ್ನಿಗೆ ದ್ರಾಕ್ಷಿ ತೋಟ. ಆಚೆ ನಡೆಯುವುದೆಲ್ಲ ಕಿವಿಗೆ ಮಾತ್ರ. ಢೋಲಕಿ ಬಡಿಯತೊಡಗಿತು. ಪಾಸ್ಟರ ದನಿ ಕೇಳಿತು, ಮೈಕಿನಲ್ಲಿ ಅರ್ಧ ಸಿಳ್ಳೆ, ಅರ್ಧ ಮಾತು. ನಡುವೆ ಏನೋ ಗದ್ದಲವಾಗಿ ನಾಟಕ ಸ್ವಲ್ಪ ಹೊತ್ತು ನಿಂತಂತಾಯಿತು, ಮತ್ತೆ ಶುರುವಾಯಿತು. ಕಬ್ಬಿಣದ ಬಾಗಿಲನ್ನು ಯಾರೋ ಧಡಲ್ ಎಂದು ಒದ್ದರು. ಸ್ವಾಮಿ ಬಂದ! ಜನ ಹೋ ಎಂದರು. ಈಗ ಒಬ್ಬೊಬ್ಬರೇ ಹೊರಗೆ ಬರುತ್ತಿರಬೇಕು. ಎಲ್ಲರಿಗಿಂತ ಹಿಂದೆ ಅವನು. ಆ ಬಿಗಿಯಾದ ಅಂಗಿಯಲ್ಲಿ ಕೈ ಎತ್ತಲು ಬರುತ್ತದೋ ಇಲ್ಲವೋ. ಅವಳು ಗಂಧಕಕ್ಕೆ ಕಡ್ಡಿ ಗೀರಿದಳು. ನೀಲಿ ಉರಿ ಎದ್ದಿತು.

ಠಣ್!

ಅಗಳಿ ಬಿತ್ತು. ಹನಮವ್ವನ ಮುಖದಲ್ಲಿ ನಗು ಅರಳಿತು. "ಬಂದ ನನ್ನಪ್ಪ," ಎಂದು ಕೋಲಿನಿಂದ ಬಾಣಲೆಯನ್ನು ಒಳಗೆ ತಳ್ಳಿ ತಗಡು ಮುಚ್ಚಿದಳು. ಆಚೆ ಜಯದ ಹಾಡು ಎದ್ದಿತು. ಢೋಲಕಿ, ತಾಳ, ಚಪ್ಪಾಳೆ ಸೇರಿ ಶೆಡ್ಡಿನ ಪತ್ರಾಸೆಲ್ಲ ಗಡಗಡ ನಡುಗಿತು. ಗೋಡೆಯೊಳಗಿಂದಲೂ ಏನೋ ದಬದಬ ಎನ್ನುತ್ತಿತ್ತು. ಜನ ಬಾಗಿಲು ಬಡಿದು ಕುಣಿಯುತ್ತಿದ್ದಾರೆ ಎಂದುಕೊಂಡಳು. ತಾನೂ ಚಪ್ಪಾಳೆ ಹೊಡೆದಳು, ಅದೇ ದಬದಬಕ್ಕೆ ತಾಳ ಕೂಡಿಸಿ. ಹಾಡು ಮುಗಿಯುವ ಹೊತ್ತಿಗೆ ಒಳಗಿನ ಬಡಿತವೂ ನಿಂತಿತು.

ಸೆರಗು ಸರಿಮಾಡಿಕೊಂಡು ಗಂಡನನ್ನು ನೋಡಲು ಶೆಡ್ಡು ಸುತ್ತಿ ಬಂದಳು. ಬಿಳಿ ಬಟ್ಟೆಯವರು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸ್ವಾಮಿಯ ವೇಷದ ಹುಡುಗ ರಟ್ಟಿನ ಕಿರೀಟ ಸರಿಪಡಿಸಿಕೊಳ್ಳುತ್ತಿದ್ದ. ಆಚೆ ಕಟ್ಟೆಯ ಮೇಲೆ ಪಾಸ್ಟರ ಅಕ್ಕನ ಮಗ ಮುಖಕ್ಕೆ ನೀರು ಹಚ್ಚಿಕೊಳ್ಳುತ್ತ ಕೂತಿದ್ದ. ಅವನ ಮುಖದಲ್ಲಿ ಸೈತಾನನ ವೇಷದ ಮಸಿಯ ಗೆರೆಯೂ ಇರಲಿಲ್ಲ.

"ನಮ್ಮಾಂವ ಎಲ್ಲದಾನ್ರಿ?"

ಪಾಸ್ಟರ್ ನಕ್ಕರು. "ಅದೇನಾತಂದ್ರ ಹನಮವ್ವ, ನಮ್ಮ ಅಕ್ಕನ ಮಗಗ ಆ ಕೋಣ್ಯಾಗಿನ ವಾಸನಿ ತಡೀಲಿಲ್ಲ, ವಾಂತಿ ಮಾಡ್ಕೊಂಡ. ಸಿದ್ದರಾಮಗ ಇದೊಂದ ಸಲ ನೀನ ಸೈತಾನ ಆಗು ಅಂತ ಕೈ ಮುಗದ್ವಿ. ಕಂಬಳಿ ಹೊಚ್ಚಿ ಕಳಿಸಿದ್ವಿ. ಏನ್ ಮಾಡ್ದ ಅಂತೀ! ಒಳಗಿಂದ ಬಾಗಲಾ ಬಡದದ್ದು, ಚೀರಿದ್ದು, ಜನಾ ನಡಗಿಬಿಟ್ರು."

"ಸಿದ್ದರಾಮ ಅಗಳಿ ಹಾಕಬ್ಯಾಡಂದಿದ್ದ," ಎಂದ ಕಿರೀಟದ ಹುಡುಗ, ಯಾರನ್ನೂ ನೋಡದೆ. "ಜನಾ ಚಪ್ಪಾಳಿ ಹೊಡದ್ರು. ಹುರುಪಿನ್ಯಾಗ ಹಾಕಿದೆ."

ಮುಂದಿನದು ಹನಮವ್ವನಿಗೆ ತಿಳಿಯಲಿಲ್ಲ. ಅಗಳಿ ಕಿತ್ತಿದ್ದು ತನ್ನ ಕೈಯೇ. ಬಾಗಿಲು ತೆಗೆದ ಕೂಡಲೇ ಹೊಗೆ ಎದೆಗೆ ಒದ್ದಿತು, ಜನ ಮೂಗು ಮುಚ್ಚಿಕೊಂಡು ಚೆಲ್ಲಾಪಿಲ್ಲಿಯಾದರು. ಕಿಂಡಿಯ ಕಡೆ ಹೋಗಲು ಟ್ರೇಗಳ ಗೋಡೆ ಸಿದ್ದರಾಮನಿಗೆ ದಾರಿ ಕೊಟ್ಟಿರಲಿಲ್ಲ. ಬಾಗಿಲ ಬುಡದಲ್ಲೇ ಮುದುಡಿ ಬಿದ್ದಿದ್ದ. ಕೈಯ ಗೆಣ್ಣುಗಳು ಒಡೆದು ರಕ್ತವಾಗಿದ್ದವು. ಕಂಬಳಿ ಕಿತ್ತೆಸೆದಿದ್ದ. ಬಿಳಿ ಅಂಗಿಯ ಹೆಗಲು ಹರಿದಿತ್ತು. ಹನಮವ್ವ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಬಾಯಿಂದ ನೊರೆ ಬಂದಿತ್ತು, ಉಸಿರಿರಲಿಲ್ಲ.

ಅಬೇದಾ ಗೋಡೆಯ ಹಿಂದಕ್ಕೆ ಓಡಿ ಬಾಣಲೆ ಎಳೆದು ನೀರು ಸುರಿದಳು. ಬಾಗಿಲ ಮುಂದೆ ಬಂದು ನಿಂತು, "ಹೊರಗ ಬಾರಬೇ ಯವ್ವಾ, ನೀನೂ ಸಾಯತೀ," ಎಂದು ಅತ್ತಳು.

ಬಸಗೊಂಡಪ್ಪ ಓಡಿ ಬಂದವನು ಮೊದಲು ಟ್ರೇಗಳ ಕಡೆ ನೋಡಿದ. "ಅಯ್ಯಯ್ಯ ನಿಮ್ಮವ್ವನ! ಹೊಗಿ ಎಲ್ಲಾ ಹಾರಿ ಹೋತಲ್ಲೋ. ಹೆಣಾ ಎತ್ತರಲೇ, ಬಾಗಲಾ ಹಾಕ್ರಿ." ಯಾರೂ ಅಲುಗಾಡದಿದ್ದುದನ್ನು ಕಂಡು ದನಿ ಬದಲಿಸಿದ. "ನೋಡ ಹನಮಿ, ಬಾಣಲಿ ತಳ್ಳಿದಾಕಿ ನೀನ. ಪೊಲೀಸರು ಬಂದ್ರ ನಿನ್ನ ಕೈಗೆ ಬೇಡಿ ಬೀಳ್ತಾವ. ಅದಕ್ಕ ಸುಮ್ನ ಒಯ್ದು ಮಣ್ಣ ಮಾಡು. ಹೌದಲ್ರಿ ಪಾಸ್ಟರ್ರ?"

ಪಾಸ್ಟರ ಮುಖ ಬೂದಿಯಾಗಿತ್ತು. "ತಳ್ಳಿದ್ದು... ಆಕೀನ ಖರೆ," ಎಂದರು. ಆಮೇಲೆ ದನಿ ಕೂಡಿಸಿಕೊಂಡು, "ಹನಮವ್ವ, ಹೆದರಬ್ಯಾಡ. ಸ್ವಾಮಿ ಅವನ್ನ ಬಿಡಿಸಿಕೊಂಡಾನ. ಸಿದ್ದರಾಮ ಈಗ ಸೆರಿಯಾಗ ಇಲ್ಲ. ಹೊರಗ ಬಾ, ಪ್ರಾರ್ಥನಾ ಮಾಡೂಣು."

ಹನಮವ್ವ ತಲೆ ಎತ್ತಿದಳು. ಕಣ್ಣುಗಳು ಸುಟ್ಟು ಕೆಂಪಾಗಿ ನೀರು ಸುರಿಸುತ್ತಿದ್ದವು.

"ಹೌದೋ ಯಪ್ಪಾ, ನಾನ ತಳ್ಳೇನಿ. ನಕ್ಕೋಂತ ತಳ್ಳೇನಿ. ಚಪ್ಪಾಳೀನೂ ಹೊಡದೇನಿ," ಎಂದಳು. ಕೆಮ್ಮು ಬಂದು ಮಾತು ತುಂಡಾಯಿತು. ಅಗಳಿ ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ಗಂಡನ ಎದೆಯ ಮೇಲೆ ಅಡ್ಡ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಳು.

"ಕೊಡಲೇ ಇಲ್ಲೆ ಅಗಳಿ!" ಎಂದ ಬಸಗೊಂಡಪ್ಪ. "ಗಾಡಿ ಬರೂ ಹೊತ್ತಾತು."

"ಬಾ. ಒಳಗ ಬಂದು ತಗೋ."

"ಹುಚ್ಚ ರಂಡಿ, ಹೊಗಿ ಐತಿ ಒಳಗ."

"ಹೊಗಿ ಇರಲಾರದ ಏನ್ ಸಂಪಿಗಿ ಹೂವಿರ್ತಾವೇನ ನರಕದಾಗ? ದಿನಾ ನಾವು ಇಲ್ಲೇ ಇದ್ದೇವಿ. ಬಾ. ಪಾಸ್ಟರ್ರ, ನೀವೂ ಬರ್ರಿ. ಸ್ವಾಮಿ ಪಾತಾಳಕ್ಕ ಇಳದಾ ಅಂತ ಹೇಳಿದವರು ನೀವ ಅಲ್ಲೇನ್ರಿ? ಕಿರೀಟ ಹಾಕ್ಕೊಂಡಾಂವ, ನೀನೂ ಬಾರೋ. ಬಂದು ಕೈ ಹಿಡದು ಎಬ್ಬಸ ನೋಡೂಣು."

ಕಿರೀಟದ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಪಾಸ್ಟರ್ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡರು. ಬಸಗೊಂಡಪ್ಪ ಹೊಸ್ತಿಲವರೆಗೆ ಬಂದ, ಚಪ್ಪಲಿಯ ತುದಿ ಒಳಗಿಟ್ಟ, ಕೆಮ್ಮುತ್ತ ತಿರುಗಿ ಹೋದ. ದಾರಿಯ ಕಡೆಯಿಂದ ಗಾಡಿಯ ಹಾರ್ನ್ ಕೇಳಿಸಿತು. ಹನಮವ್ವ ಸೆರಗಿನ ತುದಿಯಿಂದ ಗಂಡನ ಬಾಯಿ ಒರೆಸಿ, ತೆರೆದ ಬಾಗಿಲನ್ನೇ ನೋಡುತ್ತ ಕೂತಳು. ಯಾರೂ ಒಳಗೆ ಬರಲಿಲ್ಲ.