ಒಂದು ಬೆರಳು ಮ್ಯಾಲ

"ಕೈ ಬಿಡ್ರಿ! ನಾನೇನು ಜ್ವಾಳದ ಚೀಲೇನು?"

ಬಸಲಿಂಗಮ್ಮ ಗದರಿದ ರಭಸಕ್ಕೆ, ಅವಳ ತೋಳು ಹಿಡಿದಿದ್ದ ತಮ್ಮ ಅಮರೇಶಪ್ಪ ಹಿಂದೆ ಸರಿದ. ನಾಚಾರಂನ ಆ ಪುಟ್ಟ ಮನೆಯ ಪಡಸಾಲೆಯಲ್ಲಿ ತೀರಿಹೋದ ಅವಳ ಗಂಡ ಕಲ್ಯಾಣಪ್ಪನನ್ನು ಎತ್ತರದ ಗದ್ದುಗೆಯ ಮೇಲೆ ಕೂಡಿಸಿದ್ದರು. ರುಮಾಲು ಸುತ್ತಿ, ಹಾರ ಹಾಕಿ ಆಗಿತ್ತು. ಬಂದವರೆಲ್ಲ ಹಣೆಗೆ ವಿಭೂತಿ ಹಚ್ಚಿದ್ದರು. ಉಳಿದವಳು ಹೆಂಡತಿ ಒಬ್ಬಳೇ. ಲಕ್ವ ಹೊಡೆದ ಮೇಲೆ ಅವಳು ಎದ್ದು ನಿಂತವಳಲ್ಲ.

"ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕಕ್ಕಾ. ನಾವು ನಾಕು ಮಂದಿ ಎತ್ತಿ ಹಿಡೀತೀವಿ," ಎಂದ ಅಮರೇಶಪ್ಪ.

"ಶಿವದೇವಿ ಮದುವ್ಯಾಗೂ ನಾಕು ಮಂದೀನ ಎತ್ತಿದ್ರಿ. ಊಟದ ಪಂಗ್ತ್ಯಾಗ ಕೆಡವಿದ್ರಿ. ಮಶೀನ್ ತರ್ರಿ."

ಮಗಳು ಶಿವದೇವಿ ಮಶೀನು ತಳ್ಳಿಕೊಂಡು ಬಂದಳು. ಗಾಲಿಯ ಮೇಲೊಂದು ಕಂಬ, ಕಂಬಕ್ಕೊಂದು ತೋಳು, ತೋಳಿಗೆ ಕ್ಯಾನ್ವಾಸಿನ ಜೋಲಿ. ಗುಂಡಿ ಒತ್ತಿದರೆ ಮೋಟರು ರಾಡನ್ನು ಹೊರಗೆ ತಳ್ಳುತ್ತದೆ, ತೋಳು ಏಳುತ್ತದೆ. ಬಸಲಿಂಗಮ್ಮ ಜೋಲಿಯಲ್ಲಿ ಮೇಲೆದ್ದಳು. ಸ್ವಲ್ಪ ಏರಿದ್ದೇ ಮಶೀನು ಟಕ್ ಎಂದು ನಿಂತಿತು. ಕೈ ಚಾಚಿದರೆ ಗಂಡನ ಮೊಣಕಾಲು ಸಿಕ್ಕಿತು, ಹಣೆ ಸಿಗಲಿಲ್ಲ.

"ಕೆಟ್ಟಿತೇನವ್ವಾ?" ಎಂದಳು ಶಿವದೇವಿ.

"ಕೆಟ್ಟಿಲ್ಲ. ಇಲ್ಲಿಗೇ ನಿಲ್ಲಂಗ ನಿಮ್ಮಪ್ಪನ ಮಾಡ್ಯಾರ."

*

ಯಾವುದೋ ಆಸ್ಪತ್ರೆ ಗುಜರಿಗೆ ಹಾಕಿದ್ದ ಮಶೀನು ಅದು. ಮೋಟರ್ ರಿಪೇರಿಯ ಕಲ್ಯಾಣಪ್ಪ, ಕಾರ್ಖಾನೆಯ ಗೆಳೆಯ ಮಲ್ಲಣ್ಣನ ಜೊತೆ ಸೇರಿ ಸರಿಮಾಡಿ ತಂದಿದ್ದ. ಮೊದಲ ದಿನ ಮೇಲೇರಿದ ಬಸಲಿಂಗಮ್ಮ, "ಸತ್ತೆ, ಇಳಸ್ರೀ!" ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯ ತೆಲುಗಿನವರು ಏನಾಯಿತೋ ಎಂದು ಗಾಬರಿಯಾಗಿ "ಏಮೈಂದಿ, ಏಮೈಂದಿ" ಎನ್ನುತ್ತ ಓಡಿಬಂದರು.

ಕಲ್ಯಾಣಪ್ಪ ನಗಲಿಲ್ಲ. ರಾಡನ್ನು ನಿಲ್ಲಿಸುವ ಸ್ವಿಚ್ಚನ್ನು ಕೆಳಗೆ ಜರುಗಿಸಿ ಬೋಲ್ಟು ಬಿಗಿದ. ಹಾಸಿಗೆಯಿಂದ ಕುರ್ಚಿಗೆ ದಾಟುವಷ್ಟು ಎತ್ತರ ಉಳಿಯಿತು.

"ನಿನ್ನ ಧೈರ್ಯ ಎಲ್ಲೀತನ ಐತಿ, ಮಶೀನೂ ಅಲ್ಲೀತನಾನ ಇರ್ಲಿ."

ಆಮೇಲೆ ಪ್ರತಿ ಐತವಾರ ರಾಡು ಒರೆಸಿ ಗ್ರೀಸು ಹಚ್ಚುವಾಗ ಕೇಳುತ್ತಿದ್ದ: "ಒಂದು ಬೆರಳು ಮ್ಯಾಲ ಮಾಡ್ಲೇನು?"

"ಬ್ಯಾಡ್ರಿ."

ಅವಳು ಒಪ್ಪದೆ ಅವನು ಕೂದಲೆಳೆಯಷ್ಟೂ ಏರಿಸಲಿಲ್ಲ.

*

"ಮಲ್ಲಣ್ಣಾ, ಮ್ಯಾಲ ಮಾಡ್ರಿ."

ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಮಲ್ಲಣ್ಣ ತಲೆಯೆತ್ತಿದ. "ಅಂಜ್ತೀರಿ ವೈನಿ."

"ಅಂಜ್ತೀನಿ. ಆದ್ರೂ ಮಾಡ್ರಿ."

ಮಲ್ಲಣ್ಣ ಅವಳನ್ನು ಕುರ್ಚಿಗೆ ಇಳಿಸಿ, ಪ್ಲಗ್ಗು ಕಿತ್ತು, ಬೋಲ್ಟು ಸಡಿಲಿಸಿದ. ರಾಡು ಇನ್ನೂ ಸಾಕಷ್ಟು ಉಳಿದಿತ್ತು. ಸ್ವಿಚ್ಚನ್ನು ತುತ್ತತುದಿಗೆ ಜರುಗಿಸಿ ಬಿಗಿದ. ಒಮ್ಮೆ ಖಾಲಿ ಏರಿಸಿದ. ನಂಬಿಕೆ ಸಾಲದೆ ತಾನೇ ಜೋಲಿಯಲ್ಲಿ ಕೂತು ಏರಿದ. ಕಾಲು ಮಡಚಿಕೊಂಡು ತೂಗುತ್ತಿದ್ದ ಅವನನ್ನು ಕಂಡು ಅಳುವ ಮಂದಿಯಲ್ಲಿ ಯಾರೋ ಕಿಸಕ್ಕೆಂದರು. ಬಸಲಿಂಗಮ್ಮನೂ ನಕ್ಕಳು.

ಈ ಸಲ ಗುಂಡಿಯನ್ನು ಅವಳೇ ಹಿಡಿದಳು. ಹಳೆಯ ಮಟ್ಟ ದಾಟಿದಾಗಲೂ ಬೆರಳು ಸಡಿಲಿಸಲಿಲ್ಲ. ಗಂಡನ ಮುಖ ಎದುರಿಗೆ ಬಂದಾಗ ಗುಂಡಿ ಬಿಟ್ಟಳು. ಇಷ್ಟು ವರ್ಷ ಕೆಳಗಿನಿಂದಲೇ ನೋಡಿದ ಮುಖ. ವಿಭೂತಿ ಹಚ್ಚಿ, ಅವನ ಹಣೆಗೆ ತನ್ನ ಹಣೆ ತಾಗಿಸಿ ಮನಸ್ಸು ಹಗುರಾಗುವಷ್ಟು ಅತ್ತಳು.

"ಇಳಸ್ಲೇನವ್ವಾ?"

"ಬ್ಯಾಡ. ಜಗಲಿಗೆ ತಳ್ಳು."

ವಾಯರು ಉದ್ದವಿತ್ತು. ಶವ ಹೊರುವ ಹೂವಿನ ವಿಮಾನದಲ್ಲಿ ಕೂತ ಕಲ್ಯಾಣಪ್ಪ ಹೆಗಲುಗಳ ಮೇಲೆ ಹೊರಟ. ಮಂದಿಯ ತಲೆಗಳಾಚೆ ಅವನ ರುಮಾಲು ಓಣಿಯಲ್ಲಿ ಸಾಗಿತು. ಸ್ವಲ್ಪ ದೂರಕ್ಕೆ ಕಂಪೌಂಡ್ ಗೋಡೆ ಅಡ್ಡ ಬಂತು.

ಬಸಲಿಂಗಮ್ಮ ಮತ್ತೆ ಗುಂಡಿ ಒತ್ತಿದಳು. ಮಶೀನು ಗುಂಯ್ ಎಂದು ಅವಳನ್ನು ಗೋಡೆಗಿಂತ ಮೇಲೆ ಎತ್ತಿತು.