ಡೈರಿ ಗೋಡೆಯ ಮೇಲಿನ ಆರು

"ಯಾವನ್ಲಾ ಅಳಿಸ್ದೋನು ನನ್ ಮಗಳ ನಂಬರ?"

ದೊಡ್ಡಮಲ್ಲಪ್ಪ ಗುದ್ದಿದ ರಭಸಕ್ಕೆ ಗುಂಡ್ಲುಪೇಟೆಯ ಸೈಬರ್ ಅಂಗಡಿಯ ಮೌಸು ಮೇಜಿನಿಂದ ಜಾರಿ ತಂತಿಯಲ್ಲಿ ತೂಗಾಡಿತು. ಪಕ್ಕದಲ್ಲಿ ಕುಳಿತಿದ್ದ ಮಗಳು ನಯನಾ ಅದನ್ನೆತ್ತಿ ಮೇಲಿಟ್ಟಳು. ಪರದೆಯಲ್ಲಿ ಹುಡುಗಿಯರ ಷಟಲ್ ಡಬಲ್ಸ್ ಆಟದ ರಾಜ್ಯ ರ‍್ಯಾಂಕ್ ಪಟ್ಟಿ. ಆರನೆಯ ಸಾಲಿನಲ್ಲಿ ಇನ್ಯಾರದೋ ಹೆಸರು. ನಯನಾ ಹತ್ತೊಂಬತ್ತಕ್ಕೆ ಇಳಿದಿದ್ದಳು.

"ಮಲ್ಲಪ್ಪಣ್ಣ, ಪಟ್ಟಿ ಬೆಂಗ್ಳೂರೋರ್ದು, ಮೇಜು ನಂದು," ಎಂದ ಅಂಗಡಿಯ ಸೋಮೇಶ್. "ಗುದ್ದದಾದ್ರೆ ಅಲ್ಲೋಗಿ ಗುದ್ದಿ."

ತಮ್ಮೂರು ಭೀಮನಬೀಡಿನ ಡೈರಿ ಗೋಡೆಯ ಮೇಲೆ ಪೇಂಟರ್ ಪುಟ್ಟಮಾದುವಿನ ಕೈಲಿ ಕೆಂಪು ಪೇಂಟಿನಲ್ಲಿ ಬರೆಸಿದ್ದ ಆರು, ಹಾಲಿನ ಕ್ಯಾನಿನಷ್ಟೇ ಎತ್ತರ ಇತ್ತು. ಹಾಲು ಹಾಕಲು ಹೋದಾಗಲೆಲ್ಲ, ದಿನಕ್ಕೆರಡು ಸಲ, ದೊಡ್ಡಮಲ್ಲಪ್ಪ ಅದನ್ನು ಓದುತ್ತಿದ್ದ. ಪಹಣಿಯಲ್ಲಿ ಹೆಸರು ಕೂತ ಮೇಲೆ ಹೊಲ ಎಲ್ಲಿಗೆ ಹೋಗುತ್ತದೆ? ಹೋದ ತಿಂಗಳು ಮೈಸೂರಿನ ಟೂರ್ನಮೆಂಟಿನ ದಿನವೇ ತಮ್ಮನ ಮಗಳ ನಿಶ್ಚಿತಾರ್ಥ ಬಿದ್ದಾಗ, "ನಂಬರು ಬಂದಾಗದೆ, ಅದೇನು ಓಡೋದದಾ? ಸುಮ್ನೆ ನಡಿ" ಎಂದು ಮಗಳನ್ನು ಅಲ್ಲಿಗೆ ಕರೆದೊಯ್ದಿದ್ದ.

"ಹೋದ್ವರ್ಷ ಮೈಸೂರಲ್ಲಿ ನಾನೂ ಸಿಂಧೂನೂ ಜೊತೇಲಿ ಗೆದ್ವಲ್ಲ ಅಪ್ಪಾಜಿ," ನಯನಾ ಮೆಲ್ಲಗೆ ಹೇಳಿದಳು. "ಆ ಪಾಯಿಂಟಿಗೆ ಐವತ್ತೆರಡು ವಾರಾನೇ ಆಯಸ್ಸು. ಆಮೇಲೆ ಬಿದ್ದೋಯ್ತದೆ. ಈ ಸಲ ಸಿಂಧು ಬೇರೆಯವಳ ಜೊತೆ ಆಡಿ ತನ್ನದನ್ನ ಉಳಿಸ್ಕೊಂಡ್ಳು. ಪಾಯಿಂಟು ಅವರವರದು."

"ಗೆದ್ದುದ್ದು ಗೆದ್ದಂಗೇ ಅಲ್ವಮ್ಮಿ?"

"ಗೆದ್ದ ಕಪ್ಪು ನಮ್ಮನೇಲೇ ಇರ್ತದೆ. ಪಾಯಿಂಟು ಇರಲ್ಲ."

"ಅವತ್ತೇ ಯಾಕ ಯೋಳ್ನಿಲ್ಲ?"

"ಹೇಳಕ್ಕೆ ಬಾಯ್ ತೆಗ್ದೆ."

ದೊಡ್ಡಮಲ್ಲಪ್ಪನಿಗೆ ನೆನಪಾಯಿತು. ತೆಗೆದ ಬಾಯಿ ತನ್ನ ಅಬ್ಬರಕ್ಕೆ ಮುಚ್ಚಿಕೊಂಡದ್ದೂ ನೆನಪಾಯಿತು. ಹೆಗಲ ಟವಲಿನಿಂದ ಮುಖ ಒರೆಸಿಕೊಂಡು ಪರದೆಯ ಕಡೆ ತಿರುಗಿದ.

"ಅದ್ಸರಿ, ಪ್ರಪಂಚಕ್ಕೇ ಒಂದ್ನೇವ್ಳು ಅಂತ ಒಬ್ಳು ಇರ್ಬೇಕಲ್ಲ? ಅವ್ಳ ತೋರ್ಸು."

ವಿಶ್ವದ ಸಿಂಗಲ್ಸ್ ಪಟ್ಟಿಯ ಪುಟ ನಿಧಾನಕ್ಕೆ ಬಿಚ್ಚಿಕೊಂಡಿತು. ಅಂಚೆ ಚೀಟಿಯಷ್ಟು ಫೋಟೋ, ಹಣೆಗಂಟಿದ ಕೂದಲು, ಯಾವುದೋ ದೂರದೇಶದ ಹುಡುಗಿ.

"ಇವ್ಳದೂ ಬಿದ್ದೋದದಾ?"

"ಹೂಂ. ವಾರವಾರವೂ ಹಳೇದು ಬೀಳ್ತದೆ, ಹೊಸದು ಸೇರ್ತದೆ. ಆಡದೆ ಕೂತ್ರೆ ಕೆಳಕ್ಕೆ."

ದೊಡ್ಡಮಲ್ಲಪ್ಪ ಪರದೆಗೆ ಮುಖ ಹತ್ತಿರ ತಂದ. ಮೇಲೆ ಹೋದಷ್ಟೂ ಒಂದು ಕುರ್ಚಿ ಇರುತ್ತದೆ, ಹಾಲಿನ ಸೊಸೈಟಿ ಅಧ್ಯಕ್ಷರದಂಥದು, ಹತ್ತಿದವರು ಒರಗಿ ಕೂರುತ್ತಾರೆ ಎಂದುಕೊಂಡಿದ್ದ. ಇಡೀ ಭೂಮಿಯ ಮೇಲೆ ಅಂಥ ಕುರ್ಚಿಯೇ ಇರಲಿಲ್ಲ. ಹೋದ ವರ್ಷ ಚೆನ್ನಾಗಿ ಕೊಟ್ಟ ಅರಿಶಿನದ ಹೊಲವನ್ನೂ ಈ ವರ್ಷ ಮತ್ತೆ ಉಳಬೇಕು. ಈ ಹುಡುಗಿ ವಾರವಾರವೂ ಉಳುತ್ತಿದ್ದಳು. ಅವನಿಗೇ ತಿಳಿಯದಂತೆ ಎದ್ದು ನಿಂತಿದ್ದ.

"ಅಬ್ಬಬ್ಬಾ! ಇವ್ಳು ಕುಂತೇ ಇಲ್ಲ ಕಣಮ್ಮಿ," ಎಂದ. ಅವನ ದನಿ ಅಷ್ಟು ತಗ್ಗಿದ್ದನ್ನು ಸೋಮೇಶ್ ಎಂದೂ ಕೇಳಿರಲಿಲ್ಲ.

ನಯನಾ ಆಗ ಧೈರ್ಯ ಮಾಡಿದಳು. "ಭಾನುವಾರ ಚಾಮರಾಜನಗರದಲ್ಲಿ ಟೂರ್ನಮೆಂಟದೆ. ಆಡದಿದ್ರೆ ಅಲ್ಲಿನ ಹಳೇ ಪಾಯಿಂಟೂ ಬೀಳ್ತದೆ. ಇಪ್ಪತ್ನಾಲ್ಕರಿಂದ ಕೆಳಗೋದ್ರೆ ರಾಜ್ಯದ ಕ್ಯಾಂಪಿಗೆ ಕರೆಯಲ್ಲ. ಆದ್ರೆ ಅವತ್ತೇ ಕುದೇರಿನ ಮಾವನ ಗೃಹಪ್ರವೇಶ. ಎಲ್ರೂ ಬರ್ತೀವಿ ಅಂತ ನೀವು ಮಾತು ಕೊಟ್ಟಿದ್ದೀರಿ."

"ಮನೆ ಎಲ್ಗೂ ಓಡೋಗಲ್ಲ ಬುಡು," ಎಂದ ದೊಡ್ಡಮಲ್ಲಪ್ಪ. "ನಿಮ್ಮವ್ವ ಓಗ್ಲಿ. ನಾನೂ ನೀನೂ ಚಾಮ್ರಾಜನಗರಕ್ಕೋಗನ."

ಶನಿವಾರ ಪುಟ್ಟಮಾದು ಡೈರಿ ಗೋಡೆಯ ಆರನ್ನು ಕೆರೆದು ತೆಗೆದ. "ಅಣ್ಣ, ಹತ್ತೊಂಬತ್ತು ಅಂತ ಬರ್ದುಬುಡ್ಲಾ? ಕೆಂಪು ಇನ್ನೂ ಮಿಕ್ಕದೆ."

"ಬ್ಯಾಡ ಕಣ್ಲಾ. ಅಷ್ಟು ಜಾಗಕ್ಕೆ ಕರಿ ಬಳಿ. ಸ್ಕೂಲಲ್ಲಿ ಬೋರ್ಡಿಗೆ ಬಳೀತರಲ್ಲ, ಅದ."

ಭಾನುವಾರ ಮುಂಜಾನೆ ಹಾಲು ಹಾಕಿ ಹೊರಬಂದ ದೊಡ್ಡಮಲ್ಲಪ್ಪ, ಒಣಗಿದ ಕಪ್ಪು ಚೌಕದ ಮೇಲೆ ಸೀಮೆಸುಣ್ಣದಿಂದ ಹತ್ತೊಂಬತ್ತು ಎಂದು ಬರೆದ. ಮಿಕ್ಕ ತುಂಡನ್ನು ಗೋಡೆಯ ಬಿರುಕಿನೊಳಗೆ ಸಿಕ್ಕಿಸಿ, ಪಕ್ಕದಲ್ಲಿ ಕಾಯುತ್ತಿದ್ದ ಮಗಳ ಬ್ಯಾಗನ್ನು ಹೆಗಲಿಗೇರಿಸಿಕೊಂಡು ಅವಳೊಡನೆ ಬಸ್ಸಿನ ಕಡೆ ನಡೆದ.